ಹಿಮ್ಮಡಿಯಿಲ್ಲದ ಕಾಲುಚೀಲ

ಆಕೆ ಸೆರಗಿನಲ್ಲಿ ಸುತ್ತಿ ತಂದಿದ್ದನ್ನು ಬಿಚ್ಚಿ ನನ್ನ ಮುಂದೆ ಇಟ್ಟಾಗ, ಯಾವುದೋ ಮಗುವಿನ ಟೋಪಿ ಅಂದುಕೊಂಡೆ. ಬಿಳಿ ಉಣ್ಣೆಯದು, ಒಗೆದು ಒಗೆದು ಹಳದಿಗೆ ತಿರುಗಿತ್ತು. ಮೊಳದುದ್ದಕ್ಕೆ ಸ್ವಲ್ಪ ಕಡಿಮೆ. ಒಂದು ಕಡೆ ಬಾಯಿ, ಇನ್ನೊಂದು ಕಡೆ ದುಂಡಗೆ ಮುಚ್ಚಿಕೊಂಡಿತ್ತು. ಮುಚ್ಚಿದ ತುದಿಯಲ್ಲಿ ನೂಲು ಸವೆದು ಬಲೆಯ ಹಾಗಾಗಿತ್ತು.

"ಇಂತದ್ದೇ ಇನ್ನೊಂದೆಲ್ಡು ಆಕ್ಕೊಡಕಾಯ್ತದಾ ಅಕ್ಕಾ?"

"ಏನಮ್ಮಾ ಇದು? ಟೋಪೀನಾ?"

"ಕಾಲ್ಚೀಲ."

"ಹಿಮ್ಮಡಿ ಎಲ್ಲಿ ಇದಕ್ಕೆ?" ಎಂದು ಕೇಳಿಬಿಟ್ಟೆ.

"ಇಮ್ಮಡಿ ಇಲ್ಲ ಅಕ್ಕಾ. ನಮ್ಮೆಜಮಾನ್ರಿಗೆ ಆ ಕಾಲಿಲ್ಲ" ಅಂದಳು.

ಜಗಲಿಯಲ್ಲಿ ಕೂತಿದ್ದವರೆಲ್ಲರ ಕೈಯಲ್ಲಿದ್ದ ಹೆಣೆಯುವ ಕಡ್ಡಿಗಳು ಒಂದು ಗಳಿಗೆ ನಿಂತವು.

ಹೊಸ ಮೈಸೂರು ರಾಜ್ಯವಾದ ಮರುವರ್ಷ, ಆಷಾಢದ ಗಾಳಿ ಬೀಸುತ್ತಿದ್ದ ಕಾಲ. ಯಶವಂತಪುರದಲ್ಲಿ ರೈಲು ಹಳಿಗೆ ಬೆನ್ನು ಮಾಡಿಕೊಂಡಿದ್ದ ಹೆಂಚಿನ ಮನೆಯೊಂದರಲ್ಲಿ ನಾನೂ ನನ್ನ ತಾಯಿಯೂ ಇದ್ದೆವು. ನಾನು ಉಣ್ಣೆ ಹೆಣೆದು ಸಂಸಾರ ನಡೆಸುತ್ತಿದ್ದೆ. ಮಲ್ಲೇಶ್ವರದ ಅಂಗಡಿಯೊಂದಕ್ಕೆ ಎಳೆಗೂಸುಗಳಿಗೆ ಬಾಣಂತಿ ಸೆಟ್ಟು, ಅಂದರೆ ಸ್ವೆಟರು, ಟೋಪಿ, ಕಾಲುಚೀಲಗಳನ್ನು ಹಾಕಿಕೊಡುವುದು ಮುಖ್ಯ ಕೆಲಸ. ಊಟವಾಗಿ ಪಾತ್ರೆ ತೊಳೆದ ಮೇಲೆ ಬೀದಿಯ ಹೆಂಗಸರು ನಮ್ಮ ಜಗಲಿಗೆ ಬರುತ್ತಿದ್ದರು. ಕಲಿಯಲು ಬಂದವರು ಕೆಲವರು, ಕಲಿತ ಮೇಲೂ ಬರುವುದನ್ನು ಬಿಡದವರು ಕೆಲವರು. ಅವರಲ್ಲಿ ಇಬ್ಬರನ್ನು ಇಲ್ಲಿ ಹೇಳಲೇಬೇಕು. ಒಬ್ಬರು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದ ಕ್ರೈಸ್ತ ನರ್ಸು. ಎಲ್ಲರಿಗೂ ಅವರು ನರ್ಸಮ್ಮ. ಇನ್ನೊಬ್ಬಾಕೆ ಮೂಲೆಯ ಸೈಕಲ್ ಅಂಗಡಿಯವನ ಹೆಂಡತಿ, ನಾವು ಬೂಬಮ್ಮ ಎಂದು ಕರೆಯುತ್ತಿದ್ದೆವು. ನನ್ನಷ್ಟೇ ಸಮನಾಗಿ ಹೆಣೆಯುತ್ತಿದ್ದವಳು ಆಕೆ ಒಬ್ಬಳೇ.

ಹೊಸದಾಗಿ ಬಂದ ಈ ಹೆಂಗಸಿನ ಗಂಡ ಗೂಡ್ಸ್ ಯಾರ್ಡಿನಲ್ಲಿ ಶಂಟಿಂಗ್ ಪೋರ್ಟರ್ ಆಗಿದ್ದ. ಹಿಂದಿನ ಮಳೆಗಾಲದಲ್ಲಿ ಡಬ್ಬಿಗೆ ಡಬ್ಬಿ ಜೋಡಿಸುವಾಗ ಕಾಲು ಜಾರಿ, ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಪುಣೆಯವರೆಗೂ ಹೋಗಿ ಮರದ ಕಾಲು ಮಾಡಿಸಿಕೊಂಡು ಬಂದಿದ್ದರು. ಉಳಿದ ಕಾಲಿನ ಮೋಟಿಗೆ ಈ ಉಣ್ಣೆಯ ಚೀಲ ಹಾಕಿ, ಅದರ ಮೇಲೆ ಮರದ ಕಾಲಿನ ಬಟ್ಟಲನ್ನು ಸಿಕ್ಕಿಸಿ, ತೊಡೆಗೆ ಚರ್ಮದ ಪಟ್ಟಿ ಬಿಗಿಯಬೇಕು. ಅಲ್ಲಿಂದ ಕೊಟ್ಟ ಚೀಲಗಳೆಲ್ಲ ಸವೆದಿದ್ದವು. ಮತ್ತೆ ತರಿಸಲು ಅಷ್ಟು ದೂರ ಯಾರು ಹೋಗುತ್ತಾರೆ?

"ದಸರಾ ಆದ್ಮ್ಯಾಲೆ ರೈಲ್ವೆ ಡಾಕುಟ್ರು ನೋಡ್ತಾರಂತೆ" ಅಂದಳು ಆಕೆ. "ಕೋಲಿಲ್ದೆ ನಡ್ದು, ನಿಂತ್ಕಂಡು ತೋರಿಸ್ಬೇಕು. ತೋರ್ಸಿದ್ರೆ ಕೊಡಿಗೇಹಳ್ಳಿ ಗೇಟ್ನಾಗೆ ಕೆಲ್ಸ ಕೊಡ್ತಾರೆ. ಇಲ್ಲಾಂದ್ರೆ ಮನೆ ಖಾಲಿ ಮಾಡ್ಬೇಕು."

ಲೆವೆಲ್ ಕ್ರಾಸಿಂಗ್ ಗೇಟು. ರೈಲು ಬರುವ ಹೊತ್ತಿಗೆ ಗೇಟು ಹಾಕಿ, ಬಾವುಟ ಹಿಡಿದು, ಅದು ದಾಟುವವರೆಗೆ ನಿಂತಿರಬೇಕು. ಅಷ್ಟೇ ಕೆಲಸ. ಅಷ್ಟು ನಿಲ್ಲುವುದಕ್ಕೆ ಒಂದು ಚೀಲ ಬೇಕಾಗಿತ್ತು.

"ಆಗತ್ತೆ ಬಿಡಮ್ಮ, ಇದೇನ್ ಮಹಾ" ಅಂದೆ. ಬಾಣಂತಿ ಸೆಟ್ಟುಗಳನ್ನು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದವಳಿಗೆ ಅದು ಹಾಗೆಯೇ ಕಂಡಿತು.

ಮೊದಲನೆಯದನ್ನು ಎಂದಿನ ಹಾಗೆ ಎರಡು ಕಡ್ಡಿಯಲ್ಲಿ ಹಾಕಿದೆ. ಅಗಲವಾಗಿ ಹೆಣೆದು, ತುದಿಯತ್ತ ಕುಣಿಕೆಗಳನ್ನು ಕಡಿಮೆ ಮಾಡುತ್ತ ಬಂದು, ಕೊನೆಗೆ ಮಡಿಚಿ ಎರಡು ಅಂಚನ್ನೂ ಸೇರಿಸಿ ಹೊಲಿದೆ. ಉಣ್ಣೆ ದಪ್ಪನೆಯದು, ಮೆತ್ತಗಿತ್ತು. ಆಕೆ ಬಂದು ಒಯ್ದಳು. ನಾಲ್ಕಾರು ದಿನ ಬಿಟ್ಟು ಚೀಲವನ್ನು ಒಗೆಯದೆ ಹಾಗೆಯೇ ತಂದು ತೋರಿಸಿದಳು. ಹೊಲಿಗೆಯ ಗೆರೆಯ ಉದ್ದಕ್ಕೂ ರಕ್ತದ ಕಲೆ ಇತ್ತು.

"ಏನೂ ಅನ್ನಲಿಲ್ಲ ಅವ್ರು" ಅಂದಳು. "ನಾನೇ ಕಳಚಿ ನೋಡ್ದೆ."

ನರ್ಸಮ್ಮ ಕನ್ನಡಕ ಏರಿಸಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. "ನಮ್ಮ ಕಾಲಿಗಾದ್ರೆ ಇದು ಗೊತ್ತೂ ಆಗಲ್ಲ. ಅಲ್ಲಿ ಇರೋದು ಗಾಯ ಕೂಡಿದ ಚರ್ಮ, ಕಾಗದದ ಹಾಗೆ ತೆಳ್ಳಗೆ. ಕೆಳಗೆ ಎಲುಬಿನ ತುದಿ. ಅದರ ಮೇಲೆ ಇಡೀ ಮೈ ಭಾರ. ಒಂದು ಗಂಟು, ಒಂದು ಹೊಲಿಗೆ, ಒಂದು ನಿರಿಗೆ ಕೂಡ ಇರಬಾರ್ದು."

ಹೊಲಿಗೆ ಇರಬಾರದು ಅಂದರೆ ಕೊಳವೆಯ ಹಾಗೆ ಸುತ್ತಲೂ ಹೆಣೆಯಬೇಕು. ಅದಕ್ಕೆ ಎರಡೂ ತುದಿ ಚೂಪಾಗಿರುವ ನಾಲ್ಕು ಕಡ್ಡಿಗಳು ಬೇಕು, ತೆಳ್ಳಗಿನವು. ಮಲ್ಲೇಶ್ವರದಲ್ಲಿ, ಚಿಕ್ಕಪೇಟೆಯಲ್ಲಿ ವಿಚಾರಿಸಿದೆ. ಇದ್ದವು ದಪ್ಪನೆಯವು. ಆ ದಪ್ಪದಲ್ಲಿ ಹೆಣೆದರೆ ಕುಣಿಕೆ ದೊಡ್ಡದಾಗಿ ಚರ್ಮದ ಮೇಲೆ ಒತ್ತು ಬೀಳುತ್ತದೆ. ಬರಿಗೈಯಲ್ಲಿ ವಾಪಸು ಬಂದು ಕೂತೆ.

"ಸೈಕಲ್ ಕಡ್ಡಿ ಆಗಲ್ವೇನಮ್ಮಾ?" ಅಂದಳು ಬೂಬಮ್ಮ. "ಚಕ್ರದ್ದು. ನಮ್ಮನೇಲಿ ರಾಶಿ ಬಿದ್ದೈತೆ."

ಮರುದಿನ ನಾವಿಬ್ಬರೂ ಅಂಗಡಿಯ ಹಿಂದಿನ ಅಂಗಳದಲ್ಲಿ ಕೂತೆವು. ಆಕೆಯ ಗಂಡ ಕಡ್ಡಿಗಳ ತಲೆ ಕತ್ತರಿಸಿ ಕೊಟ್ಟ. ತುದಿಯನ್ನು ಸಾಣೆಗೆ ಹಿಡಿದು ಚೂಪು ಮಾಡಿ, ತೀರ ಚುಚ್ಚದ ಹಾಗೆ ಮತ್ತೆ ಮೊಂಡು ಮಾಡಿ, ಉಪ್ಪುಕಾಗದದಲ್ಲಿ ತಿಕ್ಕಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಚಿಂದಿಯಲ್ಲಿ ಉಜ್ಜಿದೆವು. ನೂಲು ಎಲ್ಲಿಯೂ ಸಿಕ್ಕದೆ ಜಾರುವವರೆಗೆ ಉಜ್ಜಿದೆವು. ಬೆರಳ ತುದಿಗಳು ಕಪ್ಪಾಗಿ, ಮಲ್ಲೇಶ್ವರದ ಬಿಳಿ ಸ್ವೆಟರುಗಳನ್ನು ಎರಡು ದಿನ ಮುಟ್ಟುವ ಹಾಗಿರಲಿಲ್ಲ.

ಎರಡನೆಯದನ್ನು ಆ ಕಡ್ಡಿಗಳಲ್ಲಿ ಹಾಕಿದೆ. ಮೇಲೆ ತೊಡೆಯ ಹತ್ತಿರ ಹಿಡಿದು ನಿಲ್ಲಲು ಒಂದು ಸೀದಾ ಕುಣಿಕೆ, ಒಂದು ಉಲ್ಟಾ ಕುಣಿಕೆ. ಅಲ್ಲಿಂದ ಕೆಳಗೆ ಬರೀ ಸೀದಾ. ನುಣುಪು ಮೈ ಚರ್ಮದ ಕಡೆಗೆ ಬರುವಂತೆ ತಿರುಗಿಸಿ ತೊಡಬೇಕು. ನೂಲು ಮುಗಿದಲ್ಲಿ ಗಂಟು ಹಾಕುವಂತಿಲ್ಲ. ಎರಡೂ ತುದಿಯ ಎಳೆಗಳನ್ನು ಬಿಡಿಸಿ, ಒದ್ದೆ ಮಾಡಿ, ಒಂದರೊಳಗೊಂದು ಸೇರಿಸಿ ಅಂಗೈಯಲ್ಲಿ ಉಜ್ಜಿದರೆ ಕೂಡಿಕೊಳ್ಳುತ್ತವೆ. ಕೊನೆಯಲ್ಲಿ ಉಳಿದ ಕುಣಿಕೆಗಳೊಳಗೆ ನೂಲು ತೂರಿಸಿ ಬಿಗಿದರೆ ತುದಿಯಲ್ಲಿ ಮೊಗ್ಗಿನ ಹಾಗೆ ಒಂದು ಗುಬುಟು ನಿಲ್ಲುತ್ತದೆ. ಅದು ಕೂರುವುದು ಎಲುಬಿನ ಮೇಲೆಯೇ. ಆದ್ದರಿಂದ ಸೂಜಿಯಲ್ಲಿ ಈ ಕಡೆಯ ಕುಣಿಕೆಗೆ ಆ ಕಡೆಯ ಕುಣಿಕೆ ಕೂಡಿಸುತ್ತ ಹೋದೆ. ಮುಗಿದ ಮೇಲೆ ಬೂಬಮ್ಮ ಕಣ್ಣು ಮುಚ್ಚಿ ತುದಿಯನ್ನು ಸವರಿ, "ಎಲ್ಲಿ ಮುಚ್ಚಿದ್ದೀರಾ ಗೊತ್ತೇ ಆಗಲ್ಲ" ಅಂದಳು. ನನಗೂ ಹೆಮ್ಮೆಯಾಯಿತು.

ಆ ಹೆಮ್ಮೆ ಒಂದು ಒಗೆತದವರೆಗೆ ಉಳಿಯಿತು. ಚೀಲವನ್ನು ದಿನಾ ಒಗೆಯಬೇಕು, ಇಲ್ಲದಿದ್ದರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಪಾಪ, ಆಕೆ ಚೊಕ್ಕಟವಾಗಲಿ ಎಂದು ಕುದಿಯುವ ನೀರಿಗೆ ಹಾಕಿದ್ದಳು. ಉಣ್ಣೆ ಕುಗ್ಗಿ, ಗಟ್ಟಿಯಾಗಿ, ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಅಳತೊಡಗಿದಳು. ತಪ್ಪು ಆಕೆಯದಲ್ಲ. ಬಿಸಿನೀರು ಬೇಡವೆಂದು ನಾನು ಮೊದಲೇ ಹೇಳಿದ್ದಿದ್ದರೂ ಹೊಸ ಉಣ್ಣೆ ಸ್ವಲ್ಪ ಸ್ವಲ್ಪವಾಗಿ ಕುಗ್ಗಿಯೇ ತೀರುತ್ತಿತ್ತು. ದಿನಾ ಒಗೆಯುವ ಬಟ್ಟೆಗೆ ಅದು ಒಗ್ಗುವುದಿಲ್ಲ.

ಇನ್ನೊಂದು ತೊಂದರೆ ಅಳತೆಯದು. ಆಕೆ ದಾರದಲ್ಲಿ ಗಂಟು ಹಾಕಿ ತಂದ ಅಳತೆಗೂ ಚೀಲ ಕೂರುವುದಕ್ಕೂ ಹೊಂದುತ್ತಿರಲಿಲ್ಲ. ಒಂದು ಸಲ ಸಡಿಲ, ಒಂದು ಸಲ ಬಿಗಿ. ನಾನೇ ನೋಡದೆ ಆಗುವುದಿಲ್ಲ ಎಂದೆ.

ತಾಯಿ ಒಲೆಯ ಮುಂದಿನಿಂದಲೇ ಕೇಳಿಸಿಕೊಂಡು ಹೊರಗೆ ಬಂದರು. "ಯಾರೋ ಗಂಡಸಿನ ಮಂಡಿಗೆ ಟೇಪು ಹಿಡ್ಕೊಂಡು ಕೂತ್ಕೋತೀಯಾ? ಬೀದೀಲಿ ಏನಂದ್ಕೋತಾರೆ?"

ನನಗೆ ಮೂವತ್ತು ದಾಟಿತ್ತು. ಮನೆಯಲ್ಲಿ ನನ್ನ ಮದುವೆಯ ಮಾತು ನಿಂತು ಎಷ್ಟೋ ಕಾಲವಾಗಿದ್ದರೂ ಬೀದಿಯ ಮಾತಿನ ಭಯ ತಾಯಿಗೆ ಹೋಗಿರಲಿಲ್ಲ.

"ನಾನೂ ಹೋಗ್ತೀನಿ ಕಣ್ರೀ, ಜೊತೇಲಿ" ಅಂದರು ನರ್ಸಮ್ಮ. ತಾಯಿ ಒಳಗೆ ಹೋದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ರೈಲ್ವೆ ಕ್ವಾರ್ಟರ್ಸಿನ ಒಂದೇ ಕೋಣೆಯ ಮನೆ. ಆತ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ತೋಳು, ಭುಜ ಗಟ್ಟಿಮುಟ್ಟಾಗಿದ್ದ ಆಳು. ನನಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಪಂಚೆಯನ್ನು ಕಾಲ ಮೇಲೆ ಎಳೆದುಕೊಂಡ.

"ನಿಮ್ಗ್ಯಾಕೆ ಅಮ್ಮಾವ್ರೆ ಇದೆಲ್ಲ. ಅವ್ಳೇ ಅಳ್ದು ಕೊಡ್ತಾಳೆ."

"ಅವಳು ಅಳೆದಿದ್ದು ಸರಿಹೋಗ್ಲಿಲ್ವಲ್ಲ" ಅಂದೆ.

"ನಾನು ಆಸ್ಪತ್ರೇಲಿ ಇಂಥಾದ್ದು ಎಷ್ಟೋ ನೋಡಿದೀನಪ್ಪಾ" ಅಂದರು ನರ್ಸಮ್ಮ. "ನಾಚ್ಕೊಂಡು ಕೂತ್ರೆ ಕೆಲ್ಸ ಆಗಲ್ಲ."

ಆತ ಮುಖವನ್ನು ಗೋಡೆಯತ್ತ ತಿರುಗಿಸಿ ಪಂಚೆ ಸರಿಸಿದ. ನಾನು ಟೇಪು ಬಿಚ್ಚಿದೆ. ಮೋಟು ಎಂದರೆ ದುಂಡಗೆ ಇರುತ್ತದೆ ಎಂದು ನಾನು ಎಣಿಸಿದ್ದೆ. ಹಾಗಿರಲಿಲ್ಲ. ಮುಂಗಡೆ ಎಲುಬಿನ ಅಂಚು, ಹಿಂಗಡೆ ಮಾಂಸ, ತುದಿ ಓರೆ. ಎರಡೆರಡು ಬೆರಳಿಗೊಂದು ಕಡೆ ಟೇಪು ಸುತ್ತಿ ಅಳೆದೆ. ನರ್ಸಮ್ಮ ಹೇಳಿ ಸಂಜೆಗೆ ಮತ್ತೊಮ್ಮೆ ಅಳೆಸಿದರು. ಬೆಳಗಿನದಕ್ಕೂ ಸಂಜೆಯದಕ್ಕೂ ಬೆರಳಗಲ ವ್ಯತ್ಯಾಸ. ಹೊತ್ತೇರಿದ ಹಾಗೆ ಅದು ಬಾತುಕೊಳ್ಳುತ್ತಿತ್ತು. ದಾರದ ಅಳತೆ ಯಾಕೆ ಹೊಂದಲಿಲ್ಲ ಎಂಬುದು ಆಗ ತಿಳಿಯಿತು.

ಹೊರಡುವಾಗ ಆತ ಗೋಡೆ ನೋಡಿಕೊಂಡೇ ಕೇಳಿದ: "ಆಯ್ತದಾ ಅಮ್ಮಾವ್ರೆ?"

"ಆಗತ್ತೆ" ಅಂದೆ. ಮೊದಲ ದಿನ ಹೇಳಿದಷ್ಟು ಸಲೀಸಾಗಿ ಆ ಮಾತು ಬರಲಿಲ್ಲ.

ಕುಗ್ಗದ ಉಣ್ಣೆ ಎಲ್ಲಿಂದ ತರುವುದು? ಜಗಲಿಯಲ್ಲಿ ಇದೇ ಮಾತಾಯಿತು. ಕುಗ್ಗುವಷ್ಟು ಕುಗ್ಗಿ ಮುಗಿದ ಉಣ್ಣೆ ಮತ್ತೆ ಕುಗ್ಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ವರ್ಷಗಟ್ಟಲೆ ಒಗೆದ ಹಳೆಯ ಸ್ವೆಟರಿನಲ್ಲಿ ಅಂಥದ್ದು ಇರುತ್ತದೆ. ಮರುದಿನ ನರ್ಸಮ್ಮ ತಮ್ಮ ಕೆಲಸದ ಕಾಲದ ಬೂದು ಬಣ್ಣದ ಕಾರ್ಡಿಗನ್ ತಂದು ನನ್ನ ಮಡಿಲಿಗೆ ಹಾಕಿದರು. ತೆಳ್ಳನೆಯ, ಒಳ್ಳೆಯ ಉಣ್ಣೆ. ರಾತ್ರಿ ಪಾಳಿಯಲ್ಲಿ ಎಷ್ಟೋ ಚಳಿಗಾಲ ಕಳೆದದ್ದು.

"ನೀವು ಚಳಿಗೆ ಏನ್ ಮಾಡ್ತೀರಾ?" ಅಂದೆ.

"ಮನೇಲಿ ಕೂರೋಳಿಗೆ ಶಾಲು ಸಾಕು. ಬಿಚ್ಚಿ."

ಆ ಮಧ್ಯಾಹ್ನ ಎಲ್ಲರೂ ಸೇರಿ ಬಿಚ್ಚಿದೆವು. ಒಬ್ಬರು ಎಳೆಯುವುದು, ಒಬ್ಬರು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡುವುದು. ಬಿಚ್ಚಿದ ನೂಲು ಸುಕ್ಕುಸುಕ್ಕಾಗಿರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಲಡಿಯ ಕೆಳಗೆ ಚೊಂಬು ಕಟ್ಟಿ ನೇತುಹಾಕಿದರೆ ಒಣಗುವ ಹೊತ್ತಿಗೆ ನೇರವಾಗುತ್ತದೆ. ತಾಯಿ ಕೂಡ ಅಡುಗೆಮನೆಯ ಚೊಂಬುಗಳನ್ನೆಲ್ಲ ತಂದುಕೊಟ್ಟರು. ಜಗಲಿಯ ಜಂತಿಯಿಂದ ಚೊಂಬುಗಳು ತೂಗಾಡುವುದನ್ನು ನೋಡಿ ಹಾದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು.

ನಾನೂ ಬೂಬಮ್ಮನೂ ಹೆಣೆದೆವು. ಬೇರೆಯವರಿಗೆ ಕೊಡಲಾಗಲಿಲ್ಲ. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ಥರ; ಒಂದೇ ಚೀಲದಲ್ಲಿ ಎರಡು ಬಿಗಿ ಬಂದರೆ ಅಲ್ಲೇ ನಿರಿಗೆ. ಮಿಕ್ಕವರು ನನ್ನ ಮಲ್ಲೇಶ್ವರದ ಕೆಲಸವನ್ನು ಹಂಚಿಕೊಂಡರು. ಟೋಪಿಯ ಗೊಂಡೆ ಕಟ್ಟುವುದು, ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು. ಅದಿಲ್ಲದಿದ್ದರೆ ಆ ತಿಂಗಳು ಅಂಗಡಿಯವರು ನನ್ನನ್ನು ಬಿಟ್ಟು ಬೇರೆಯವರನ್ನು ನೋಡಿಕೊಳ್ಳುತ್ತಿದ್ದರು.

ಭಾದ್ರಪದ ಕಳೆಯುವ ಮೊದಲು ಬೂದು ಬಣ್ಣದ ಚೀಲಗಳು ತಯಾರಾದವು. ಬೆಳಿಗ್ಗೆಗೊಂದು ಅಳತೆ, ಸಂಜೆಗೊಂದು ಅಳತೆ. ಒಗೆಯುವುದು ನಮ್ಮ ಮನೆಯಲ್ಲೇ ಎಂದು ಮಾಡಿಕೊಂಡೆವು. ಆಕೆ ಬೆಳಿಗ್ಗೆ ಕೊಳೆಯದನ್ನು ಕೊಟ್ಟು ಒಗೆದದ್ದನ್ನು ಒಯ್ಯುತ್ತಿದ್ದಳು. ರಕ್ತದ ಕಲೆ ನಿಂತಿತು. ಒಂದು ದಿನ ಆತನೇ ನಮ್ಮ ಬೀದಿಗೆ ನಡೆದು ಬಂದ. ಕೋಲಿರಲಿಲ್ಲ. ಜಗಲಿಯ ಮುಂದೆ ನಿಂತು, ಯಾರ ಮುಖವನ್ನೂ ನೋಡದೆ, "ಕಲ್ಲಿನ್ ಮ್ಯಾಲೆ ನಡ್ದಂಗಿರ್ತಿತ್ತು. ಈಗ ಅಂಗಿಲ್ಲ" ಅಂದ. ಮತ್ತೆ ತಿರುಗಿ ನಡೆದುಹೋದ. ಬೂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೇಟಿನ ಕೆಲಸ ಆಗಿಯೇಹೋಯಿತು ಎಂದು ನಾವೆಲ್ಲ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡೆವು.

ದಸರೆಯ ಬೊಂಬೆ ಕೂರಿಸಿ ನಾಲ್ಕು ದಿನವಾಗಿದ್ದಾಗ ಒಗೆಯಲು ಬಂದ ಚೀಲವೊಂದಕ್ಕೆ ವಾಸನೆಯಿತ್ತು. ರಕ್ತವಲ್ಲ, ತುದಿಯಲ್ಲಿ ಅಂಟಂಟಾದ ಹಳದಿ ಕಲೆ. ಮೂಗಿನ ಹತ್ತಿರ ಹಿಡಿದ ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡು ನೇರ ಕ್ವಾರ್ಟರ್ಸಿಗೆ ಹೊರಟರು. ನಾನೂ ಹಿಂದೆಯೇ ಹೋದೆ.

ಎಲುಬಿನ ತುದಿಯ ಮೇಲೆ ಚರ್ಮ ಕಪ್ಪಗಾಗಿ, ನಡುವೆ ಬಾಯಿ ಬಿಟ್ಟಿತ್ತು.

"ಎಷ್ಟು ನಡೀತಿದ್ದೆಯಪ್ಪಾ ದಿನಾ?" ಎಂದು ನರ್ಸಮ್ಮ ಕೇಳಿದರು.

ಆತ ಪಂಚೆ ಎಳೆದುಕೊಂಡ. ಹೆಂಡತಿ ಹೇಳಿದಳು. ಬೆಳಕು ಹರಿಯುವ ಮೊದಲೇ ಎದ್ದು, ಹಳಿಯ ಪಕ್ಕದ ಜಲ್ಲಿಯ ಮೇಲೆ ಗೊರಗುಂಟೆಪಾಳ್ಯದ ಕಡೆಗೆ ಹೋಗಿ ಬರುತ್ತಿದ್ದನಂತೆ. ಮತ್ತೆ ಸಂಜೆಗೂ. ಗೇಟಿನಲ್ಲಿ ನಿಲ್ಲುವುದಕ್ಕೆ ಅಭ್ಯಾಸವಾಗಲಿ ಎಂದು ಗೂಡ್ಸ್ ಗಾಡಿ ಹೋಗುವವರೆಗೆ ಅಲ್ಲೇ ನಿಂತಿರುತ್ತಿದ್ದನಂತೆ.

"ನೋಯ್ತಿರ್ಲಿಲ್ವಾ?"

"ಇಲ್ಲ" ಅಂದ ಆತ. "ಅದ್ಕೇ ನಡ್ದೆ."

ಗಾಯ ಕೂಡಿದ ಚರ್ಮಕ್ಕೆ ಅರ್ಧ ಸ್ಪರ್ಶವೇ ಇರುವುದಿಲ್ಲ ಎಂದು ನರ್ಸಮ್ಮ ಆಮೇಲೆ ಹೇಳಿದರು. ಹೊಲಿಗೆಯಿದ್ದ ಮೊದಲ ಚೀಲ ಚುಚ್ಚಿದಾಗ ಆತ ನಿಲ್ಲಿಸುತ್ತಿದ್ದ. ನಮ್ಮದು ಚುಚ್ಚಲಿಲ್ಲ. ಯಾವ ಗಂಟೂ ಹೊಲಿಗೆಯೂ ಇಲ್ಲದ ಹಾಗೆ ಅಷ್ಟು ಜೋಪಾನವಾಗಿ ಹೆಣೆದದ್ದರಿಂದಲೇ ಆತ ಅಷ್ಟು ದೂರ ನಡೆದಿದ್ದ. 

"ಮರದ ಕಾಲು ಕಳಚಿಡ್ಬೇಕು" ಅಂದರು ನರ್ಸಮ್ಮ. "ಪೂರ್ತಿ ಮಾಯೋವರ್ಗೂ ಮುಟ್ಟಬಾರ್ದು. ಇವತ್ತೇ ಆಸ್ಪತ್ರೆಗೆ ತೋರಿಸು. ಇದು ಮೇಲಕ್ಕೆ ಹತ್ತಿದ್ರೆ ಮಂಡೀನೂ ತೆಗೀಬೇಕಾಗತ್ತೆ."

"ಪರೀಕ್ಸೆ ಮುಂದಿನ ವಾರ" ಅಂದ ಆತ.

ಆಸ್ಪತ್ರೆಗೆ ಹೋದರು. ಅಲ್ಲಿಯೂ ಇದೇ ಮಾತು. ಎರಡು ದಿನ ಬಿಟ್ಟು ಹೆಂಡತಿಯನ್ನು ಕಳಿಸಿ ನನ್ನನ್ನು ಕರೆಸಿದ. ನಾನು ಹೊಸ್ತಿಲಲ್ಲೇ ನಿಂತೆ.

"ಅಮ್ಮಾವ್ರೆ, ಒಂದ್ ದಪ್ಪಂದು ಆಕ್ಕೊಡಿ. ಎಲ್ಡು ಪದರದ್ದು. ಗಾಯ ಇರೋ ಜಾಗದಾಗೆ ಗುಂಡಿ ಬಿಟ್ಟು. ಆ ಒಂದಿನ ನಿಂತ್ಕಂಡ್ಬಿಟ್ರೆ ಸಾಕು. ಆಮ್ಯಾಲೆ ನೀವೇಳ್ದಂಗೆ ಕಳಚಿ ಮಡಗ್ತೀನಿ."

ಅದು ಆಗದ ಕೆಲಸವಾಗಿರಲಿಲ್ಲ. ಆತ ಹೇಳುತ್ತಿದ್ದಂತೆಯೇ ನನ್ನ ತಲೆಯಲ್ಲಿ ಅದು ಹೆಣೆದುಕೊಳ್ಳತೊಡಗಿತ್ತು. ಒಳಗೊಂದು ಚೀಲ, ಹೊರಗೊಂದು ಚೀಲ, ನಡುವೆ ಸಿಂಬಿಯ ಹಾಗೆ ದಪ್ಪಗಿನ ಸುತ್ತು. ಭಾರವೆಲ್ಲ ಸಿಂಬಿಯ ಮೇಲೆ ಬಿದ್ದು ಗಾಯ ನಡುವಿನ ಗುಳಿಯಲ್ಲಿ ಉಳಿಯುತ್ತದೆ. ಎರಡು ದಿನ ಸಾಕು.

ಆಕೆ ಗಂಡನ ಮುಂದೆ ಕೈಮುಗಿದು, "ಮಾಡ್ಕೊಡಿ ಅಕ್ಕಾ, ನಿಮ್ ದಮ್ಮಯ್ಯ" ಅಂದಳು. ನನ್ನನ್ನು ಬಿಡಲು ನಲ್ಲಿಯವರೆಗೆ ಬಂದವಳು, ಅಲ್ಲಿ ಯಾರೂ ಇಲ್ಲದ್ದು ನೋಡಿ ನನ್ನ ಕೈ ಹಿಡಿದುಕೊಂಡಳು. "ಕೊಡ್ಬ್ಯಾಡಿ ಅಕ್ಕಾ. ನಾ ಬ್ಯಾಡ ಅಂದ್ರೆ ಸಾಯೋಗಂಟ ನನ್ನೇ ಅಂತಾರೆ. ನೀವೇ ಆಗಲ್ಲ ಅಂದ್ಬಿಡಿ."

ಜಗಲಿಯಲ್ಲಿ ಅಂದು ದೊಡ್ಡ ಮಾತಾಯಿತು. ನರ್ಸಮ್ಮ ಖಂಡಿತ ಕೂಡದು ಅಂದರು. ಬೂಬಮ್ಮ ಒಪ್ಪಲಿಲ್ಲ.

"ಕಾಲು ಅವಂದು. ಕೆಲಸ ಅವಂದು. ಬೇಡ ಅನ್ನೋಕೆ ನಾವ್ ಯಾರು? ಒಂದಿನ ನಿಂತ್ರೆ ಮನೆ ಉಳೀತದೆ."

"ಒಂದು ದಿನ ಅಂತಾನೆ. ಕೆಲಸ ಸಿಕ್ಕ ಮಾರನೇ ದಿನ ಗೇಟಲ್ಲಿ ಯಾರು ನಿಲ್ತಾರೆ? ಅವನೇ ತಾನೆ?" ಅಂದರು ನರ್ಸಮ್ಮ.

"ನಿಮಗೆ ಪಿಂಚಣಿ ಬರ್ತದೆ ನರ್ಸಮ್ಮ" ಅಂದಳು ಬೂಬಮ್ಮ, ಮೆಲ್ಲಗೆ. ಉಂಡೆ, ಕಡ್ಡಿ ಎತ್ತಿಕೊಂಡು ಹೊರಟುಹೋದಳು. ಎಷ್ಟೋ ದಿನ ಬರಲಿಲ್ಲ.

ನಾನು ಎರಡೂ ಕಡೆಯ ಮಾತನ್ನು ಕೇಳಿಸಿಕೊಂಡೆ. ಇಬ್ಬರದೂ ಸರಿಯಾಗಿತ್ತು. ಬೂದು ನೂಲಿನ್ನೂ ಒಂದು ಉಂಡೆ ಉಳಿದಿತ್ತು. ಮರುದಿನ ಬೆಳಿಗ್ಗೆ ಅದನ್ನು ಕೈಗೆ ತೆಗೆದುಕೊಂಡು ಮೇಲಿನ ಅಂಚಿಗೆ ಕುಣಿಕೆಗಳನ್ನು ಹಾಕಿಕೊಂಡೆ. ಒಂದು ಸುತ್ತು ಬಂದೆ. ಚೀಲದ ವಾಸನೆ ನೆನಪಾಯಿತು. ಮತ್ತೊಂದು ಸುತ್ತು ಹೆಣೆಯಲು ಬೆರಳು ಏಳಲಿಲ್ಲ. ಕಡ್ಡಿಗಳನ್ನು ಎಳೆದುಬಿಟ್ಟೆ, ನೂಲು ಸರಸರನೆ ಬಿಚ್ಚಿಕೊಂಡಿತು. ಕ್ವಾರ್ಟರ್ಸಿಗೆ ಹೋದೆ.

"ನನ್ನ ಕೈಲಿ ಆಗಲ್ಲ" ಅಂದೆ. "ನಾನು ಹಾಕ್ಕೊಡಲ್ಲ."

"ಆಗಕ್ಕಿಲ್ವಾ, ಆಕ್ಕೊಡಕ್ಕಿಲ್ವಾ?"

"ಹಾಕ್ಕೊಡಲ್ಲ. ಮಿಕ್ಕ ಚೀಲಗಳೂ ನನ್ನ ಹತ್ರಾನೇ ಇರ್ಲಿ. ಗಾಯ ಮಾಯಲಿ, ಕೊಡ್ತೀನಿ."

ಆತ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. "ಸರಿ ಅಮ್ಮಾವ್ರೆ" ಅಂದ. ಪಕ್ಕದಲ್ಲಿ ಒರಗಿಸಿದ್ದ ಮರದ ಕಾಲನ್ನು ಎತ್ತಿ, ಹೆಂಡತಿಯ ಕೈಗೆ ಕೊಟ್ಟು, "ಆ ಬಾಗ್ಲಿಂದೆ ಮಡಗು" ಅಂದ. ಆಕೆ ನನ್ನ ಕಡೆ ನೋಡಲಿಲ್ಲ.

ಪರೀಕ್ಷೆಯ ದಿನ ಆತ ಎರಡು ಕಂಕುಳಿಗೂ ಊರುಗೋಲು ಕೊಟ್ಟುಕೊಂಡು ಹೋದ. ಡಾಕ್ಟರು ಒಳ್ಳೆಯವರೇ. ಗಾಯ ನೋಡಿ, ಕಾಲು ಕಳಚಿಟ್ಟದ್ದು ಬುದ್ಧಿವಂತಿಕೆ ಎಂದರಂತೆ. ಮಾಯ್ದ ಮೇಲೆ ಬಾ ಎಂದರಂತೆ. ಆದರೆ ಗೇಟು ಕಾಯುವುದಿಲ್ಲವಲ್ಲ. ರೈಲುಗಳು ದಿನವೂ ಓಡುತ್ತಿದ್ದವು. ಆ ಜಾಗಕ್ಕೆ ಹಿಂದೂಪುರದ ಕಡೆಯವನೊಬ್ಬ ಬಂದ. ಮತ್ತೆ ಅಂಥ ಕೆಲಸ ಖಾಲಿಯಾಗುವುದು ಯಾವಾಗ ಎಂದು ಯಾರಿಗೂ ಹೇಳಲಾಗಲಿಲ್ಲ.

ಕಾರ್ತಿಕದಲ್ಲಿ ಕ್ವಾರ್ಟರ್ಸ್ ಬಿಟ್ಟರು. ಬಾಗಲೂರಿನಲ್ಲಿ ಆಕೆಯ ಅಣ್ಣನ ಮನೆಯಿತ್ತು, ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿದರು. ಜಗಲಿಯವರೆಲ್ಲ ಹೋಗಿ ಪಾತ್ರೆ, ಹಾಸಿಗೆ ಕಟ್ಟಿಕೊಟ್ಟೆವು. ಬೂಬಮ್ಮನೂ ಬಂದಿದ್ದಳು. ನನ್ನ ಜೊತೆ ಮಾತಾಡಲಿಲ್ಲ, ಆದರೆ ಭಾರದ ಪೆಟ್ಟಿಗೆಯ ಇನ್ನೊಂದು ಕೊನೆಯನ್ನು ತಾನೇ ಹಿಡಿದುಕೊಂಡಳು. ಚೀಲಗಳನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಗಾಯ ಅರ್ಧ ಮಾಯ್ದಿತ್ತು. ಆಕೆ ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆತ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದ. ಹೆಬ್ಬಾಳದ ಕಡೆಗೆ ಗಾಡಿ ತಿರುಗಿತು.

ಆ ಚಳಿಗಾಲ ಮಲ್ಲೇಶ್ವರದಿಂದ ಬಂದ ಕೆಲಸ ಹಿಂದೆಂದೂ ಬರದಷ್ಟಿತ್ತು. ಬೂಬಮ್ಮ ಒಂದು ಮಧ್ಯಾಹ್ನ ಏನೂ ಆಗಿಲ್ಲವೆಂಬಂತೆ ಬಂದು ತನ್ನ ಜಾಗದಲ್ಲಿ ಕೂತಳು. ಯಾರೂ ಆ ಮಾತೆತ್ತಲಿಲ್ಲ. ನಾವು ಎಳೆಗೂಸುಗಳಿಗೆ ಟೋಪಿ, ಕಾಲುಚೀಲ ಹಾಕುತ್ತ ಹೋದೆವು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಾಲುಚೀಲದ ಹಿಮ್ಮಡಿ ತಿರುಗಿಸುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ, ಉಳಿದಿದ್ದ ಬೂದು ನೂಲಿನಲ್ಲಿ ಇನ್ನೊಂದು ಚೀಲ ಹಾಕಿಕೊಂಡು ಬಾಗಲೂರಿಗೆ ಹೋದೆ. ಯಲಹಂಕದಲ್ಲಿ ಬಸ್ಸು ಬದಲಿಸಿ ಇಳಿಯುವ ಹೊತ್ತಿಗೆ ಬಿಸಿಲೇರಿತ್ತು. ಆತ ಅಂಗಳದ ನೆರಳಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ. ಹೆಂಡತಿ ಯಾರದೋ ಹೊಲಕ್ಕೆ ಕೂಲಿಗೆ ಹೋಗಿದ್ದಳು. ಆತ ಸೊರಗಿದ್ದ. ಹೆಂಡತಿಯ ಅತ್ತಿಗೆಯನ್ನು ಕೂಗಿ ನನಗೆ ಮಜ್ಜಿಗೆ ಕೊಡಿಸಿದ.

"ಮಾಯ್ತಾ?" ಅಂದೆ.

"ಮಾಯ್ತು ಅಮ್ಮಾವ್ರೆ. ಮಂಡಿ ಉಳ್ಕಂತು."

ತಂದಿದ್ದ ಚೀಲ ಕೊಟ್ಟೆ. ಬೀಜ ಬಿಡಿಸುತ್ತಲೇ ಕೇಳಿದ: "ಆ ಗೇಟ್ನಾಗೆ ಇರೋನು ಎಂಗವ್ನೆ?"

"ನಾನು ನೋಡಿಲ್ಲ" ಅಂದೆ. ನೋಡಿದ್ದೆ. ರೈಲಿನಲ್ಲಿ ಯಲಹಂಕಕ್ಕೆ ಹೋಗುವಾಗ ಒಮ್ಮೆ ಕಿಟಕಿಯಿಂದ ಕಂಡಿದ್ದ.

ಬಸ್ಸಿನ ಹೊತ್ತಾಯಿತೆಂದು ಎದ್ದೆ. "ತಡೀರಿ, ಬರ್ತೀನಿ" ಎಂದು ಆತ ತೆವಳಿಕೊಂಡು ಒಳಗೆ ಹೋದ. ಬರುವಾಗ ಮರದ ಕಾಲು ಕಟ್ಟಿಕೊಂಡಿದ್ದ. ಬೇಡ ಅಂದೆ. ಕೇಳಲಿಲ್ಲ. ನಾನು ನಿಧಾನವಾಗಿ ನಡೆದರೆ ಆತ ಬೇಕೆಂದೇ ಬೇಗ ನಡೆಯುತ್ತಿದ್ದ. ಬಸ್ಸು ನಿಲ್ಲುವ ಅರಳಿಮರದವರೆಗೆ ಬಂದ.

ಬಸ್ಸು ನಿಂತಿತ್ತು. ಡ್ರೈವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಆತ ಕೆಳಗೆ ನಿಂತಿದ್ದ. ಅರಳಿಕಟ್ಟೆ ಎರಡು ಹೆಜ್ಜೆ ಹಿಂದಿತ್ತು. ಕೂತ್ಕೊಳ್ಳಿ ಎನ್ನಲು ಬಾಯಿ ತೆರೆದೆ. ಆತ ಗೇಟಿನಲ್ಲಿ ರೈಲು ದಾಟಿಸುವವನ ಹಾಗೆ ಎದೆ ಸೆಟೆಸಿಕೊಂಡು, ಕೈಗಳನ್ನು ಪಕ್ಕಕ್ಕೆ ಬಿಟ್ಟು, ಎರಡೂ ಕಾಲ ಮೇಲೆ ಸಮನಾಗಿ ನಿಂತಿದ್ದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮಾತು ನುಂಗಿಕೊಂಡೆ. ಡ್ರೈವರು ಬೀಡಿ ಹಚ್ಚಿದ. ಬೇಗ ಹೊರಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಸೀಟಿನ ಕಂಬಿ ಹಿಡಿದು ಕೂತೆ. ಬಸ್ಸು ಹೊರಡುವ ತನಕ ಆತ ಕೂರುವವನಲ್ಲ.